ಎರಡನೇ ಕೋಟು

ತಾರಸಿಯ ಬಿಸಿಲಿನಲ್ಲಿ ಹಳೇ ಪೇಪರು ಹಾಸಿ, ಅದರ ಮೇಲೆ ಇಂಜಿನ್ನಿನ ಮೇಲ್ಮುಚ್ಚಳವನ್ನು ಕೂರಿಸಿಕೊಂಡಿದ್ದ. ಮೂರು ದಿನ ಉಜ್ಜಿ ಹಳೇ ಬಣ್ಣ ತೆಗೆದು, ಪೆಟ್ರೋಲಿನಲ್ಲಿ ಒರೆಸಿ, ಈಗಷ್ಟೇ ಕೆಂಪು ಬಣ್ಣದ ಮೊದಲ ಕೋಟು ಹೊಡೆದಿದ್ದ.

ಕಾರು ಅಪ್ಪನದು. ಅಪ್ಪ ಹೋದ ಮೇಲೆ ಅದು ಅಕ್ಕನ ಗಂಡನ ಶೆಡ್ಡು ಸೇರಿತ್ತು, ಕಾಗದಪತ್ರವೂ ಅವರ ಹೆಸರಿಗೇ ಆಗಿತ್ತು. "ಓಡೋ ಹಾಗೆ ಮಾಡು, ಆಮೇಲೆ ಕಾರು ನಿಂದೇ" ಎಂದು ಭಾವ ಮಾತು ಕೊಟ್ಟಿದ್ದರು. ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು. ಇನ್ನು ಉಳಿದದ್ದು ಈ ಮುಚ್ಚಳ ಒಂದೇ.

ಭಾವನ ಫೋನು ಬಂತು.

"ಎಲ್ಲಿದ್ದೀಯೋ? ಮುಚ್ಚಳ ಈಗಲೇ ತಗೊಂಡು ಬಾ."

"ಇನ್ನೊಂದು ಕೋಟು ಬಾಕಿ ಇದೆ ಭಾವ. ಮುಟ್ಟಿದ್ರೆ ಕೈಗೆ ಹತ್ತುತ್ತೆ."

"ಹತ್ತಲಿ ಬಿಡು. ಬಾನೆಟ್ ಒಳಗೆ ಯಾರು ಇಣುಕಿ ನೋಡ್ತಾರೆ? ನಾಳೆಯಿಂದ ಆಷಾಢ. ಪೂಜೆ ಇವತ್ತೇ ಇಟ್ಕೊಂಡಿದೀನಿ."

ತನಗೆ ಗೊತ್ತಾಗದ ಹಾಗೆ ಭಾವ ಪೂಜೆಯನ್ನೂ ಏರ್ಪಾಡು ಮಾಡಿದ್ದಾರೆ! ಅವನು ಬ್ರಷ್ಷು ಬದಿಗಿಟ್ಟು ಎದ್ದ.

"ನನ್ನ ಬಿಟ್ಟು ಶುರು ಮಾಡ್ಬೇಡಿ ಮತ್ತೆ. ಹತ್ತೇ ನಿಮಿಷ, ಬಂದೆ."

ಆಚೆ ಗಂಟೆಯ ಸದ್ದು, ಅದರ ಹಿಂದೆಯೇ ಪುರೋಹಿತರ ದನಿ ಕೇಳಿಸಿತು: "ಕಾರಿನ ಯಜಮಾನ್ರು ಮುಂದೆ ಬನ್ನಿ. ಗೋತ್ರ, ಹೆಸರು ಹೇಳಿ."

ಅವನು ನಗುತ್ತಾ, ಫೋನಿನಲ್ಲೇ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಅವನೆಂದೂ ಕೇಳಿರದ ದನಿಯೊಂದು ಶೆಡ್ಡಿನೊಳಗಿಂದ ಉತ್ತರಿಸಿತು:

"ಕೌಂಡಿನ್ಯ ಗೋತ್ರ. ಹೆಸರು ಶ್ರೀಕಂಠ."