ಸೋಪಿಗೆ ಒಂಬತ್ತು ವೋಟು

ನಾಲ್ಕನೇ ಸಲವೂ ಸೋಪು ಸೋಲುವ ಲಕ್ಷಣಗಳೇ ಕಾಣುತ್ತಿದ್ದವು. ಶಾಲೆ, ಹೋಟೆಲು, ಕಚೇರಿ, ಎಲ್ಲೆಲ್ಲಿ ಜನ ಕೂತು ತಿನ್ನುತ್ತಾರೋ ಅಲ್ಲೆಲ್ಲ ಒಂದು ನಲ್ಲಿ, ಒಂದು ಸೋಪು ಕಡ್ಡಾಯ ಎಂಬ ನಿಯಮವನ್ನು ಆರೋಗ್ಯಾಧಿಕಾರಿ ಮತ್ತೆ ಪಟ್ಟಣದ ಆರೋಗ್ಯ ಸಮಿತಿಯ ಸಭೆಯ ಮುಂದಿಟ್ಟಿದ್ದರು. ಹೋದ ತಿಂಗಳು ಒಂದೇ ಶಾಲೆಯ ನಲವತ್ತು ಮಕ್ಕಳು ವಾಂತಿಭೇದಿಯಿಂದ ಹಾಸಿಗೆ ಹಿಡಿದಿದ್ದರು. ಸೋಮವಾರ ಆ ಶಾಲೆಯ ಬಾಗಿಲು ಮತ್ತೆ ತೆರೆಯುತ್ತದೆ. ಇವತ್ತು ತಪ್ಪಿದರೆ ಮುಂದಿನ ಸಭೆ ಆರು ತಿಂಗಳ ಮೇಲೆ.

ಅಧ್ಯಕ್ಷರು ಎರಡೂ ಅಂಗೈ ಎತ್ತಿ ತೋರಿಸಿದರು. "ನೋಡಿ ಡಾಕ್ಟರಮ್ಮ, ಎಲ್ಲಿದೆ ಕೊಳೆ? ಕೈ ತೊಳ್ಯೋದು ಮನೇಲಿ ಕಲಿಸೋ ವಿಷ್ಯ. ಅದಕ್ಕೂ ಒಂದು ಕಾನೂನು ಬೇಕಾ?"

"ಮನೇಲಿ ಕಲಿಸಬಹುದು ಸರ್. ಶಾಲೇಲಿ ನಲ್ಲೀನೇ ಇಲ್ದಿದ್ರೆ ಕಲಿತ ಮಗು ಎಲ್ಲಿ ತೊಳೀಬೇಕು?"

"ಇವತ್ತು ಸೋಪು, ನಾಳೆ ಟವೆಲ್ಲು, ನಾಡಿದ್ದು ಸೆಂಟು," ಎಂದರು ಹೋಟೆಲು ನಡೆಸುವ ಸದಸ್ಯರು. ಉಳಿದ ಏಳು ಸದಸ್ಯರು ನಕ್ಕರು. ಆ ನಗುವಿನಲ್ಲೇ ಸಭೆ ಚಹಾಕ್ಕೆ ಎದ್ದಿತು.

ಇದ್ದ ಒಂದೇ ಸ್ಪ್ರಿಂಗಿನ ಬಾಗಿಲಿನಿಂದ ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಹೋದರು, ಒಳಗೆ ಬಂದರು. ಅಧ್ಯಕ್ಷರ ಹೆಂಡತಿ ಐದು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಅಧ್ಯಕ್ಷರು ಬಿಸ್ಕತ್ತು ಮುರಿದು ತಮ್ಮ ಕೈಯಾರೆ ಅವಳ ಬಾಯಿಗಿಟ್ಟರು. ಅಜ್ಜಿ ಮೊಮ್ಮಗಳು ಅಂಗಳಕ್ಕೆ ಹೋದರು. ಸಭೆ ಮತ್ತೆ ಕೂತಿತು.

ಕರೆಂಟು ಹೋಗಿ ಫ್ಯಾನು ನಿಂತಿತು. ಹೋಟೆಲಿನವರು ಅಂಗೈಯಿಂದ ಬೆವರೊರೆಸಿಕೊಂಡರು. ಹಣೆಯ ಮೇಲೆ ಅಡ್ಡಕ್ಕೊಂದು ನೇರಳೆ ಗೆರೆ ಮೂಡಿತು. ಅದನ್ನು ತೋರಿಸಿ ನಕ್ಕ ಪಕ್ಕದವರ ಮೀಸೆಯೂ ನೇರಳೆ. ಆಮೇಲೆ ಒಬ್ಬರ ಕಿವಿ, ಇನ್ನೊಬ್ಬರ ಬೋಳುತಲೆ, ಕೊನೆಗೆ ಆರೋಗ್ಯಾಧಿಕಾರಿಯ ಮೂಗಿನ ತುದಿ. ಕಣ್ಣೀರು ಬರುವಷ್ಟು ನಕ್ಕವರು ಕಣ್ಣೊರೆಸಿಕೊಂಡು ಕಣ್ಣಿನ ಸುತ್ತಲೂ ನೇರಳೆಯಾದರು. ಅಧ್ಯಕ್ಷರಂತೂ ಗದ್ದದಿಂದ ಕೊರಳಿನವರೆಗೆ ಬದನೆಕಾಯಿಯಾಗಿ, ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಒರಗಿದರು.

ಗುಮಾಸ್ತ ಮೂಲೆಯಿಂದ ಎದ್ದ. "ತಪ್ಪು ನಂದೇ ಸರ್. ಬೆಳಿಗ್ಗೆ ಮೊಹರಿನ ಮಸಿ ಕಲಸೋವಾಗ ಪುಡಿ ಪೊಟ್ಟಣ ಹರೀತು. ಬಟ್ಟೇಲಿ ಒರೆಸಿದೆ. ಬಟ್ಟೆ ಕೈಯಲ್ಲೇ ಇತ್ತಲ್ಲ ಅಂತ ಬಾಗಿಲ ಹಿಡಿಕೇನೂ ಒರೆಸಿಬಿಟ್ಟೆ. ಒಣಗಿದ್ರೆ ಕಾಣಲ್ಲ ಸರ್. ಒದ್ದೆಯಾದ್ರೇನೇ ಬಣ್ಣ ಬಿಡೋದು."

"ಒಂದು ಹಿಡಿಕೆ, ಹತ್ತು ಮುಖ," ಎಂದರು ಆರೋಗ್ಯಾಧಿಕಾರಿ. ನಗು ತಡೆಯಲು ಹೋಗಿ ಅವರಿಗೆ ಬಿಕ್ಕಳಿಕೆ ಹತ್ತಿತ್ತು.

"ಸರಿ ಸರಿ, ಚೆನ್ನಾಗಿ ನಕ್ಕಿದ್ದಾಯ್ತು," ಎಂದು ಅಧ್ಯಕ್ಷರು ನೆಟ್ಟಗೆ ಕೂತರು. "ಮಸಿಯಿಂದ ಯಾರಿಗೂ ಏನೂ ಆಗಿಲ್ಲ. ಸೋಪಿನ ವಿಷ್ಯ ಮುಂದಿನ ಸಭೆಗೆ ಹಾಕೋಣ."

ಬಾಗಿಲು ದಡಾರೆಂದು ತೆರೆಯಿತು. ಅಧ್ಯಕ್ಷರ ಹೆಂಡತಿ ಮೊಮ್ಮಗಳನ್ನು ಎಳೆದುಕೊಂಡು ಬಂದರು. "ಏನ್ ತಿನ್ನಿಸಿದ್ರಿ ಈ ಮಗೂಗೆ?" ಮಗು ಖುಷಿಯಿಂದ ನಾಲಿಗೆ ಚಾಚಿತು. ಪೂರ್ತಿ ನೇರಳೆ.

ಅಧ್ಯಕ್ಷರ ನಗು ಅಲ್ಲಿಗೇ ನಿಂತಿತು. "ಡಾಕ್ಟರಮ್ಮ, ಇದು... ಬರೀ ಮಸಿ ತಾನೆ?"

ಆರೋಗ್ಯಾಧಿಕಾರಿ ಮಗುವಿನ ಬಾಯಿ ನೋಡಿದರು. "ಚಿಟಿಕೆಯಷ್ಟೂ ಇಲ್ಲ, ಹೆದರಬೇಡಿ. ಬಾಯಿ ಮುಕ್ಕಳಿಸಲಿ ಸಾಕು. ಇವತ್ತು ಬರೀ ಮಸಿ ಸರ್."

ಅಧ್ಯಕ್ಷರು ಸೋಪಿನ ಪರವಾಗಿ ಕೈ ಎತ್ತಿದರು. ಹಿಂದೆಯೇ ಇನ್ನೂ ಎಂಟು ನೇರಳೆ ಅಂಗೈಗಳು ಮೇಲೆದ್ದವು. ಗುಮಾಸ್ತ ಎಣಿಸಿ ಬರೆದುಕೊಂಡ.

ಕೈ ತೊಳೆಯಲು ಎಲ್ಲರೂ ಒಟ್ಟಿಗೇ ಎದ್ದು ನುಗ್ಗಿ, ಬಾಗಿಲ ಮುಂದೆ ಗಕ್ಕನೆ ನಿಂತರು. ಸ್ಪ್ರಿಂಗಿನ ಬಾಗಿಲು ಮುಚ್ಚಿಕೊಂಡಿತ್ತು. ಹಿಡಿಕೆ ಮುಟ್ಟಲು ಯಾರಿಗೂ ಧೈರ್ಯವಿಲ್ಲ. "ನೀವು ಮುಂದೆ ಹೋಗಿ," "ಅಯ್ಯೋ, ನೀವು ಹಿರಿಯರು," ಎಂದು ಒಬ್ಬರನ್ನೊಬ್ಬರು ತಳ್ಳತೊಡಗಿದರು. ಮತ್ತೆ ನಗು ಉಕ್ಕಿತು.

ಅಷ್ಟರಲ್ಲಿ ಕಾಲುಗಳ ಸಂದಿಯಿಂದ ನುಸುಳಿ ಬಂದ ಮೊಮ್ಮಗಳು, "ನಾನು ತೆಗೀತೀನಿ ತಾತ," ಎಂದು ಎರಡೂ ಕೈಗಳಿಂದ ಹಿಡಿಕೆಗೆ ಜೋತುಬಿದ್ದಳು.