ದೀಪ ಹಚ್ಚಿದ ಮೇಲೆ

ಸರಿಯಾಗಿ ಆರು ಮುಕ್ಕಾಲಿಗೆ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಕೆಂಪು ಚೌಕ ಎದ್ದಿತು. ಒಳಗಿನ ಒಂದು ಪ್ರೋಗ್ರಾಂ ಹೊರಗೆ ಹೋಗಲು ಕೇಳುತ್ತಿದೆ. ಬಿಡಬೇಕೋ, ತಡೆಯಬೇಕೋ?

ಪರಮೇಶ್ವರಯ್ಯನವರು ‘ತಡೆ’ ಎಂಬಲ್ಲಿ ಮೌಸನ್ನು ಸೊಳ್ಳೆ ಹೊಡೆದ ಹಾಗೆ ಒತ್ತಿದರು.

“ಇವತ್ತಿಗೆ ನಲವತ್ತೊಂದು ಸಲ. ನಾಚಿಕೆಗೆಟ್ಟವಳು.”

ದೇವರ ಮುಂದೆ ಆಗಷ್ಟೇ ಹಚ್ಚಿದ ದೀಪ ಉರಿಯುತ್ತಿತ್ತು. ದೀಪ ಹಚ್ಚಿದ ಮೇಲೆ ಆ ಮನೆಯಿಂದ ಹಾಲು, ಉಪ್ಪು, ಸೂಜಿ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ಹೆಂಡತಿ ಅನ್ನಪೂರ್ಣೇಶ್ವರಿ ಮೂವತ್ತೆಂಟು ವರ್ಷ ನಡೆಸಿಕೊಂಡು ಬಂದ ನಿಯಮ. ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದವರನ್ನೂ ಬೆಳಿಗ್ಗೆ ಬನ್ನಿ ಎಂದು ನಗುತ್ತಲೇ ಕಳಿಸುತ್ತಿದ್ದಳು. ಅಂಥವಳ ಹಾಡುಗಳನ್ನು ಅದೇ ಹೊತ್ತು ನೋಡಿ ಸಾಗಿಸಲು ಹೊಂಚುವವರಿದ್ದಾರಲ್ಲ ಎಂದು ಅವರ ಹೊಟ್ಟೆ ಉರಿಯುತ್ತಿತ್ತು.

ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಒಟ್ಟು ನೂರ ಮೂವತ್ನಾಲ್ಕು. ಕಾಯಿಲೆಯ ಕೊನೆಯ ತಿಂಗಳುಗಳಲ್ಲಿ ಉಸಿರು ಕೂಡಿಸಿಕೊಂಡು ಈ ಕಂಪ್ಯೂಟರಿನ ಎದುರು ಕೂತು ಹಾಡಿಟ್ಟಿದ್ದಳು. ಪರಮೇಶ್ವರಯ್ಯನವರಿಗೆ ಅವನ್ನು ತೆರೆದು ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಕಾಯುವ ಧೈರ್ಯವಂತೂ ಇತ್ತು. “ಸಂಜೆ ಹೊತ್ತು ಈ ಕಂಪ್ಯೂಟರ್ ಆರಿಸಬೇಡಿ” ಎಂದು ತೀರಿಹೋಗುವ ವಾರ ಅವಳು ಕೈ ಹಿಡಿದು ಹೇಳಿದ್ದಳು. ಆರಿಸಿರಲಿಲ್ಲ.

ಕಳ್ಳಿ ಯಾರೆಂಬುದು ಅವರಿಗೆ ಗೊತ್ತಿತ್ತು. ಪಕ್ಕದ ಮನೆಯ ಸೊಸೆ ಅರ್ಪಣಾ. ರೆಕಾರ್ಡ್ ಮಾಡಲು ಕಲಿಸುತ್ತೇನೆಂದು ಬಂದು ಅನ್ನಪೂರ್ಣೇಶ್ವರಿಯ ಜೊತೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದವಳು. ಆಮೇಲೆ ನೆಮ್ಮಾರಿನ ಒಂದು ಮದುವೆಯಲ್ಲಿ ಅವಳು ಆರತಿ ಹಾಡು ಹೇಳಿದಾಗ ಜನ ಅದನ್ನು ‘ಅರ್ಪಣಾನ ಹಾಡು’ ಎಂದರಂತೆ. ಹದಿಮೂರನೆಯ ದಿನ, ಊಟದ ಎಲೆ ಹಾಕುವ ಗಡಿಬಿಡಿಯಲ್ಲಿ, ಅವಳು ಈ ಕೋಣೆಗೆ ನುಗ್ಗಿ ಹತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂತಿದ್ದನ್ನು ಅವರೇ ಕಣ್ಣಾರೆ ಕಂಡಿದ್ದರು.

ಮರುದಿನವೇ ಕೊಪ್ಪದ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಪ್ರಸನ್ನಕುಮಾರನನ್ನು ಕರೆಸಿ ಫೈರ್‌ವಾಲ್ ಹಾಕಿಸಿದರು.

“ಇದು ಬಾಗಿಲಲ್ಲಿ ಕೂತ ಕಾವಲುಗಾರ ಇದ್ದಂಗೆ ಸರ್,” ಎಂದಿದ್ದ ಅವನು. “ಒಳಗೆ ಬರೋರನ್ನೂ ಕೇಳುತ್ತೆ, ಹೊರಗೆ ಹೋಗೋರನ್ನೂ ಕೇಳುತ್ತೆ. ಗುರುತಿಲ್ಲದ್ದಕ್ಕೆ ಬೇಡ ಅಂದುಬಿಡಿ.”

ಆ ಸಂಜೆಯೇ ಕೆಂಪು ಚೌಕ ಎದ್ದಿತ್ತು.

ಹದಿನೈದು ದಿನ ಕಳೆದ ಮೇಲೆ ಅರ್ಪಣಾ ಬೇಲಿಯ ಆಚೆಯಿಂದ ಮೆಲ್ಲಗೆ ಕೇಳಿದ್ದಳು. “ದೊಡ್ಡಪ್ಪ, ಸಂಜೆ ಹೊತ್ತಿಗೆ ಏನಾದರೂ ಬಂತಾ?”

“ಬರೋದಲ್ಲ, ಹೋಗೋದು. ಏನೂ ಹೋಗಲ್ಲ, ತಿಳ್ಕೊ,” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಾಗಿಲು ಹಾಕಿದ್ದರು. ಅಂದಿನಿಂದ ಅವಳಿಗೆ ಈ ಮನೆಯ ಮೆಟ್ಟಿಲಿಲ್ಲ.

ನಲವತ್ತೆರಡನೆಯ ಸಂಜೆ ಅವರು ಅರ್ಪಣಾಳನ್ನೂ ಪ್ರಸನ್ನಕುಮಾರನನ್ನೂ ಕರೆಸಿದರು. ಪೊಲೀಸರಿಗೆ ಬರೆದ ದೂರು ಮೇಜಿನ ಮೇಲಿತ್ತು. ಕದ್ದ ಮಾಲು ಯಾರ ವಿಳಾಸಕ್ಕೆ ಹೋಗುತ್ತದೆ ಎಂಬಲ್ಲಿ ಮಾತ್ರ ಜಾಗ ಖಾಲಿ. ನರಸಿಂಹರಾಜಪುರದಲ್ಲಿ ಪೋಸ್ಟ್ ಮಾಸ್ಟರಾಗಿ ನಿವೃತ್ತರಾದವರು ಅವರು. ವಿಳಾಸ ಓದದೆ ಕಾಗದ ತಡೆಹಿಡಿದ ಒಬ್ಬ ಪೋಸ್ಟ್‌ಮ್ಯಾನನ್ನು ಇಡೀ ಕಚೇರಿಯ ಎದುರು ನಿಲ್ಲಿಸಿ ಬೈದವರು. ವಿಳಾಸವಿಲ್ಲದ ದೂರು ಅವರಿಗೆ ಒಗ್ಗದು.

“ಫೋನ್ ಮೇಜಿನ ಮೇಲಿಡು,” ಎಂದರು ಅರ್ಪಣಾಳಿಗೆ. ಅವಳು ಇಟ್ಟಳು.

“ಎಲ್ಲಿಗೆ ಹೋಗುತ್ತೆ ಹೇಳು ಮಾರಾಯ.”

ಪ್ರಸನ್ನಕುಮಾರ ಫೈರ್‌ವಾಲ್ ತಡೆದವುಗಳ ಪಟ್ಟಿ ನೋಡಿ ತಲೆ ಕೆರೆದುಕೊಂಡ. “ಇದು ಇಮೇಲು ಸರ್. ತಡೆದದ್ದೇ ದಿನಾ ಮತ್ತೆ ಹೊರಡೋಕೆ ನೋಡ್ತಿದೆ. ಅಂಚೆ ಡಬ್ಬದ ತನಕ ಮಾತ್ರ ಇದರಲ್ಲಿ ಕಾಣೋದು. ಯಾರಿಗೆ ಅಂತ ತಿಳೀಬೇಕಿದ್ರೆ ಒಂದು ಸಲ ಬಿಟ್ಟು ನೋಡಬೇಕು.”

“ಬಿಡೋದಾ? ದೀಪ ಹಚ್ಚಿದ ಹೊತ್ತಲ್ಲಿ?”

“ಬಿಡಿ ದೊಡ್ಡಪ್ಪ,” ಎಂದಳು ಅರ್ಪಣಾ. ಅವಳ ಕಣ್ಣು ಒದ್ದೆಯಾಗಿತ್ತು. “ಹೇಳಬಾರದು ಅಂತ ದೊಡ್ಡಮ್ಮ ಆಣೆ ಹಾಕಿಸಿಕೊಂಡಿದಾರೆ. ನಾನು ಹೇಳಲ್ಲ. ನೀವೇ ಬಿಟ್ಟು ನೋಡಿ.”

“ಸತ್ತವಳ ಹೆಸರು ಎಳೀಬೇಡ. ಅವಳ ಉಪ್ಪು ತಿಂದು ಅವಳ ದನೀನೇ ಮಾರೋಕೆ ಹೊರಟವಳು ನೀನು.”

“ನಾನು ಈ ಮನೆಯಿಂದ ಏನನ್ನೂ ಹೊರಗೆ ಒಯ್ದಿಲ್ಲ.”

“ಅದನ್ನ ಪೊಲೀಸರ ಹತ್ತಿರ ಹೇಳು.”

ಆರು ಮುಕ್ಕಾಲು. ಕೆಂಪು ಚೌಕ ಎದ್ದಿತು. ಪರಮೇಶ್ವರಯ್ಯನವರು ದೀಪದ ಕಡೆ ತಿರುಗಿ ಮನಸ್ಸಿನಲ್ಲೇ ತಪ್ಪಾಯಿತೆಂದರು. ಮೊದಲ ಸಲ ‘ಬಿಡು’ ಎಂಬಲ್ಲಿ ಒತ್ತಿದರು. ಚೌಕ ಮಾಯವಾಯಿತು.

ಅವರು ಅರ್ಪಣಾಳ ಫೋನಿನ ಮೇಲೆ ಕಣ್ಣು ನೆಟ್ಟು ನಿಂತರು. ಒಂದು ನಿಮಿಷ ಕಳೆಯಿತು. ಅದು ಸುಮ್ಮನೆ ಬಿದ್ದಿತ್ತು.

ಸದ್ದು ಬಂದದ್ದು ಅವರದೇ ಅಂಗಿಯ ಜೇಬಿನಿಂದ.

ತೆಗೆದು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಳಿಸಿದವರ ಹೆಸರಿನ ಜಾಗದಲ್ಲಿ ಅನ್ನಪೂರ್ಣೇಶ್ವರಿ ಎಂದಿತ್ತು. ಕೆಳಗೆ ಒಂದು ಹಾಡು, ಅದರ ಜೊತೆ ನಾಲ್ಕು ಮಾತು:

“ದೀಪ ಹಚ್ಚಿ ಆಯ್ತಲ್ಲ, ಇನ್ನು ಕೂತು ಕೇಳಿ. ದಿನಕ್ಕೊಂದು ಬರುತ್ತೆ, ಇದು ಮೊದಲನೇದು. ಸಿಟ್ಟಾಗಬೇಡಿ, ಮನೆಯಿಂದ ನಾನು ಏನನ್ನೂ ಹೊರಗೆ ಕೊಟ್ಟಿಲ್ಲ.”