ಒದ್ದೆ ಹಗ್ಗ

“ಹಗ್ಗ ಬಿಡಮ್ಮ,” ಎಂದ ಜಲ ಇಲಾಖೆಯ ಅಧಿಕಾರಿ.

ಲಾಂಡ್ರಿ ಅಮ್ಮ ಬಿಡಲಿಲ್ಲ. ತನ್ನ ಅಂಗಳದ ಬಾವಿಕಟ್ಟೆಗೆ ಬೆನ್ನು ಕೊಟ್ಟು, ರಾಟೆಯಿಂದ ಇಳಿಬಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದಳು. ಪಕ್ಕದಲ್ಲಿ ಒಗೆಯುವ ಕಲ್ಲು. ಅದರ ಮೇಲೆ ಇಸ್ತ್ರಿ ಮಾಡಿಟ್ಟ ಬಟ್ಟೆಯ ಗಂಟುಗಳು. ಅಧಿಕಾರಿಯ ಹಿಂದೆ ಇಬ್ಬರು ಆಳುಗಳು ಕಬ್ಬಿಣದ ಮುಚ್ಚಳ, ಸರಪಳಿ, ಬೀಗ ಹೊತ್ತು ಬೆವರುತ್ತಿದ್ದರು. ಗೇಟಿನಾಚೆ ಬೀದಿಯ ಇಪ್ಪತ್ತಾರು ಮನೆಯ ಹೆಂಗಸರು ಖಾಲಿ ಕೊಡ ಹಿಡಿದು ನೋಡುತ್ತಿದ್ದರು.

ಖಾಸಗಿ ಬಾವಿಗಳೆಲ್ಲ ಇನ್ನು ಸರ್ಕಾರದ ಸ್ವತ್ತು ಎಂದು ಹೊಸ ಆದೇಶ. ಅಜ್ಜ ತೋಡಿದ್ದಿರಲಿ, ಮುತ್ತಜ್ಜ ತೋಡಿದ್ದಿರಲಿ, ಬೀಗ ಜಡಿ. ತೋಡುವಾಗ ಒಂದು ಬುಟ್ಟಿ ಮಣ್ಣು ಎತ್ತದವರು ಬೀಗದ ಕೈ ಇಟ್ಟುಕೊಳ್ಳಲು ಬಂದಿದ್ದರು.

“ಬಾವಿ ಬತ್ತಿದೆ ಸ್ವಾಮಿ. ಬೇಕಾದ್ರೆ ಬಗ್ಗಿ ನೋಡಿ,” ಎಂದಳು.

ಅಧಿಕಾರಿ ನಕ್ಕ. ಆ ವಾರ ಹನ್ನೊಂದು ಬಾವಿಗಳಿಗೆ ಬೀಗ ಹಾಕಿದ್ದ. ಹನ್ನೊಂದು ಮನೆಯವರೂ ಬತ್ತಿದೆ ಎಂದೇ ಬಾಯಿ ಬಡಿದುಕೊಂಡಿದ್ದರು, ಹನ್ನೊಂದರಲ್ಲೂ ನೀರಿತ್ತು. ಈ ಅಮ್ಮನ ಅರ್ಜಿಗಳೂ ಅವನ ಕಡತದಲ್ಲಿದ್ದವು. ಬಾವಿ ಬತ್ತಿದೆ, ಬೀದಿಗೆ ಲಾರಿ ನೀರು ಕಳಿಸಿ ಎಂದು ಎರಡು ವರ್ಷದಲ್ಲಿ ಮೂರು ಸಲ. ಮೂರಕ್ಕೂ ಅವನೇ ಒಂದೇ ಉತ್ತರ ಬರೆದಿದ್ದ: ಖಾಸಗಿ ಬಾವಿಯ ಗೊಡವೆ ಇಲಾಖೆಯದಲ್ಲ.

ಅವನು ಹಗ್ಗ ಮುಟ್ಟಿದ. ಬೆರಳು ಒದ್ದೆಯಾಯಿತು. ಆ ಬೆರಳನ್ನು ಅವಳ ಮುಖದ ಮುಂದೆ ಹಿಡಿದ.

“ಬತ್ತಿದ ಬಾವಿಯ ಹಗ್ಗ ಬೆವರುತ್ತಾ?”

ಅವಳು ತಲೆ ತಗ್ಗಿಸಿದಳು.

ಅಳತೆಯ ಟೇಪು ಬಿಡಲೇ ಎಂದು ಆಳು ಕೇಳಿದ. ಹಗ್ಗವೇ ಸಾಕ್ಷಿ ಹೇಳುತ್ತಿರುವಾಗ ಟೇಪು ಯಾಕೆ ಎಂದು ಅಧಿಕಾರಿ ಗದರಿದ. ಹತ್ತು ವರ್ಷದ ಹಿಂದಿನ ಅಳತೆಯನ್ನೇ ಹೊಸ ಫಾರಂಗೆ ಇಳಿಸಿದ. ಇಲಾಖೆಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಆಗ ಅವಳ ಸಿಟ್ಟು ಕಟ್ಟೆಯೊಡೆಯಿತು. ನೀವು ಬೀಗ ಹಾಕಿ ಹೋದ ಮೇಲೆ ಇಪ್ಪತ್ತಾರು ಮನೆಯವರು ನಿಮ್ಮ ಆದೇಶದ ಕಾಗದ ಹಿಂಡಿ ಕುಡಿಯಬೇಕಾ ಎಂದು ಕೂಗಾಡಿದಳು. ವಶಕ್ಕೆ ಪಡೆದ ಬಾವಿಯ ಬೀದಿಗೆ, ದಿನಕ್ಕೆ ಮನೆಗೆ ಎಂಟು ಕೊಡ ಕೊಡುವುದು ಇಲಾಖೆಯ ಹೊಣೆ ಎಂದು ಅವನೂ ಕೂಗಿದ.

“ಒಂದು ಕೊಡ ಕಡಿಮೆ ಆದ್ರೆ?”

“ನನ್ನ ಕೇಳು.”

“ಬಾಯಿಮಾತು ಬೇಡ. ಬರೆದು ಸಹಿ ಹಾಕಿ. ಆಮೇಲೆ ಹಗ್ಗ ಬಿಡ್ತೀನಿ.”

ಮುದುಕಿಯ ಬಾಯಿ ಮುಚ್ಚಿದರೆ ಸಾಕಾಗಿತ್ತು ಅವನಿಗೆ. ಬರೆದ. ಸಹಿ ಹಾಕಿದ, ಮೊಹರು ಒತ್ತಿದ. ಮುಚ್ಚಳ ಬಿತ್ತು, ಬೀಗ ಬಿತ್ತು, ಜೀಪು ಹೋಯಿತು.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಳು. ಸೊಸೆ ಒಳಗಿಂದ ಬಂದು ಹಗ್ಗ ಬಿಚ್ಚಿ ಬಿಸಿಲಿಗೆ ಹರಡಿದಳು.

“ನಿಜ ಹೇಳಿದ್ದೆ ಕಣೇ,” ಎಂದು ಅತ್ತೆ ಹಲ್ಲು ಕಡಿದಳು. “ನಾಲ್ಕನೇ ಸಲಾನೂ ನಿಜಾನೇ ಹೇಳಿದ್ದೆ.”

ಹಗ್ಗ ನೆನೆಸಿದ ಒಂದು ಕೊಡ ನೀರನ್ನು ಸೊಸೆ ಬೆಳಿಗ್ಗೆ ಮೂರು ಬೀದಿಯಾಚೆಯಿಂದ ಹೊತ್ತು ತಂದಿದ್ದಳು. ಎರಡು ವರ್ಷದಿಂದ ಹನಿ ನೀರಿಲ್ಲದ ಆ ಬಾವಿ ಈಗ ಸರ್ಕಾರದ್ದು, ಇಪ್ಪತ್ತಾರು ಮನೆಯ ದಾಹವೂ ಸರ್ಕಾರದ್ದೇ.